ಸತ್ತವರ ಹೆಸರಿನ ಪ್ರೂಫ್

ಕಡೂರು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಹಿಲಾಲ್ ಪ್ರಿಂಟರ್ಸಿಗೆ ಒಂದು ಕಟ್ಟಳೆ ಇತ್ತು. ಬದುಕಿರುವವರ ಹೆಸರು ಹಾಕಿ ತಿಥಿ ಕಾರ್ಡಿನ ಪ್ರೂಫ್ ತೆಗೆಯಬಾರದು. ಮುನೀರ್ ಪಾಷಾನ ಅಪ್ಪ ಕೈಯಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಮಾಡಿದ ಕಟ್ಟಳೆ ಅದು. ಹೊಸ ಮಿಷನ್ ಕೂರಿಸಿದಾಗ, ಹೊಸ ಅಕ್ಷರ ಬಂದಾಗ, ಹೇಗೆ ಬೀಳುತ್ತದೆ ನೋಡೋಣ ಎಂದರೆ ಮೊದಲು ಹಳೇ ಕಾರ್ಡು ಹುಡುಕಬೇಕು. ಸತ್ತು ಮಣ್ಣಾದವರ ಹೆಸರನ್ನೇ ಜೋಡಿಸಬೇಕು.

"ನಮ್ಮ ದೀನು, ಧರ್ಮ ಬೇರೆ ಇರ್ಬೋದು. ಗಿರಾಕಿ ಯಾವುದಕ್ಕೆ ಹೆದರ್ತಾನೋ ಅದಕ್ಕೆ ನಾವೂ ಹೆದರ್ಬೇಕು ಕಣೋ. ಇಲ್ದಿದ್ರೆ ಪ್ರೆಸ್ಸು ನಡೆಸಬಾರ್ದು" ಅನ್ನುತ್ತಿದ್ದ ಮುದುಕ.

ತಿಥಿ ಕಾರ್ಡಿಗೆ ಅರಿಸಿನ ಹಚ್ಚುವುದಿಲ್ಲ. ಬಂದದ್ದನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಇಲ್ಲ. ಬಾಗಿಲಲ್ಲೇ ನಿಂತು ಓದಿ, ಅಲ್ಲೇ ಹರಿದು ಬಿಸಾಕುವುದು ಪದ್ಧತಿ. ತಾನು ಮಾಡಿದ ಕೆಲಸವನ್ನು ಜನ ಹರಿದು ಹಾಕಿದರೇ ಅದು ಸರಿಯಾಗಿ ತಲುಪಿದಂತೆ, ಇಂಥಾ ದರಿದ್ರ ಕಸುಬು ಭೂಮಿ ಮೇಲೆ ಇನ್ನೊಂದಿಲ್ಲ ಎಂದು ಮುನೀರ್ ಪಾಷಾ ಬೈಯುತ್ತಲೇ ಆ ಕಸುಬು ಮಾಡುತ್ತಿದ್ದ. ಬೈಯದೆ ಅವನು ಚಹಾ ಕೂಡ ಕುಡಿದವನಲ್ಲ. ಆದರೆ ಯಗಟಿಯಿಂದ ಚೌಳಹಿರಿಯೂರಿನವರೆಗೆ ಯಾರ ಮನೆಯಲ್ಲಿ ಸಾವಾದರೂ ಜನ ಅವನ ಬಾಗಿಲಿಗೇ ಬರುತ್ತಿದ್ದರು. ಸಾಬರ ಪ್ರೆಸ್ಸಿನಲ್ಲಿ ಸಾವಿನ ಕೆಲಸ ಹಗುರ ಮಾಡುವುದಿಲ್ಲ ಎಂಬ ನಂಬಿಕೆ.

ಅವನ ಅಣ್ಣನ ಮಗಳು ಸೂಫಿಯಾ ಬಿಸಿಎ ಮುಗಿಸಿ ಪ್ರೆಸ್ಸಿಗೆ ಬಂದು ಕೂತ ಮೇಲೆ ಮೊಳೆಯ ಕೇಸುಗಳು ಅಟ್ಟಕ್ಕೆ ಹೋದವು, ಕಂಪ್ಯೂಟರ್ ಮುಂದೆ ಬಂತು. ಪರ ಊರಲ್ಲಿ ನೌಕರಿಯಲ್ಲಿರುವ ನೆಂಟರು ರಜೆ ಕೇಳಬೇಕಾದರೆ ಮೇಲಿನವರಿಗೆ ಕಾರ್ಡು ತೋರಿಸಬೇಕು, ಅದು ಮೇಲ್‌ನಲ್ಲಿ ಬಂದರೆ ಅನುಕೂಲ ಎಂದು ಅವಳೇ ಒಂದು ಕಂಪ್ಯೂಟರ್ ಅಪ್ಲಿಕೇಶನ್ ಬರೆಯತೊಡಗಿದಳು. ಇತ್ತ ಕಾರ್ಡಿನ ವಿವರ ತುಂಬಿದರೆ ಅತ್ತ ನೆಂಟರಿಷ್ಟರ ವಿಳಾಸಕ್ಕೆಲ್ಲ ಕಾರ್ಡು ಹೋಗಬೇಕು. ಬರೆದದ್ದು ಸರಿ ಇದೆಯೋ ಇಲ್ಲವೋ ನೋಡಲು ಕಂಪ್ಯೂಟರಿನೊಳಗೇ ಒಂದು ಸುಳ್ಳು ಮೇಲ್ ಸರ್ವರ್ ಇಟ್ಟುಕೊಂಡಿದ್ದಳು.

"ಏನಮ್ಮಾ ಅದು ಸುಳ್ಳು ಸರ್ವರ್ರು?" ಎಂದು ಮುನೀರ್ ಪಾಷಾ ಕೇಳಿದ್ದ.

"ಪೋಸ್ಟಾಫೀಸಿನ ವೇಷ ಹಾಕ್ಕೊಂಡಿರೋ ಡಬ್ಬ ಅನ್ಕೋ ಚಾಚಾ. ಅಪ್ಲಿಕೇಶನ್‌ಗೆ ಅದು ವೇಷ ಅಂತ ಗೊತ್ತಾಗಲ್ಲ. ಏನು ಕೊಟ್ರೂ 'ಆಯ್ತು, ತಗೊಂಡೆ' ಅಂತದೆ. ತಗೊಂಡು ಇಲ್ಲೇ ಇಟ್ಕೊಂತದೆ. ಒಂದೂ ಹೊರಗೆ ಹೋಗಲ್ಲ. ನಾನು ಡಬ್ಬ ತೆಗೆದು ನೋಡಿ, ಅಕ್ಷರ ಸರಿ ಇದಾವಾ, ಫೋಟೋ ಬಂದಿದ್ಯಾ ಅಂತ ತಿದ್ಕೋತೀನಿ."

"ಹಂಗಂದ್ರೆ ಪ್ರೂಫು."

"ಹ್ಞಾಂ, ಪ್ರೂಫು. ಇಲ್ದಿದ್ರೆ ನಾನು ಪರೀಕ್ಷೆಗೆ ಕಳಿಸಿದ್ದು ಯಾರಿಗೋ ನಿಜವಾಗ್ಲೂ ಹೋಗಿ, ಅವರು ಎದೆ ಬಡ್ಕೊಂಡು ಬಸ್ ಹತ್ತಿಬಿಟ್ರೆ?"

ಅಲ್ಲಿಯತನಕ ಸರಿ ಇತ್ತು. ಮುನೀರ್ ಪಾಷಾ ಕನ್ನಡಕ ಏರಿಸಿ ಡಬ್ಬದೊಳಗೆ ಇಣುಕಿದ. ಸೂಫಿಯಾ ಬಾಯಿಗೆ ಬಂದ ಹೆಸರು ಹಾಕಿ ಪರೀಕ್ಷೆ ಮಾಡಿದ್ದಳು. ತಿಮ್ಮಪ್ಪ, ಟೆಸ್ಟ್ ತಿಮ್ಮಪ್ಪ, ತಿಮ್ಮಪ್ಪ ಎರಡು. ಮೂವರೂ ದೈವಾಧೀನರಾಗಿದ್ದರು.

"ಯಾ ಅಲ್ಲಾ! ಕಡೂರು ತಾಲ್ಲೂಕಲ್ಲಿ ಬದುಕಿರೋ ತಿಮ್ಮಪ್ಪ ಎಷ್ಟು ಜನ ಇದಾರೆ ಗೊತ್ತೇನೇ ನಿಂಗೆ? ನಾಳೆ ಒಬ್ಬ ತಿಮ್ಮಪ್ಪ ಹೊಟ್ಟೆನೋವು ಅಂತ ಮಲಗಿದ್ರೆ ಅದು ಯಾರ ತಲೆಗೆ? ನಿನ್ನ ಕಾಲೇಜಿನ ತಲೆಗಾ, ನನ್ನ ಪ್ರೆಸ್ಸಿನ ತಲೆಗಾ?"

"ಚಾಚಾ, ಇದು ಹೊರಗೇ ಹೋಗಲ್ಲ."

"ಪ್ರೂಫೂ ಹೊರಗೆ ಹೋಗಲ್ಲ! ಆದ್ರೂ ನಮ್ಮಪ್ಪ ಹಾಕ್ತಿರ್ಲಿಲ್ಲ!"

ಅಟ್ಟದಿಂದ ಹಳೇ ತಿಥಿ ಕಾರ್ಡುಗಳ ಕಟ್ಟು ಇಳಿಸಿ ಅವಳ ಮುಂದೆ ಧೊಪ್ಪನೆ ಎಸೆದ. ಪ್ರತಿ ಕೆಲಸದ್ದೂ ಒಂದು ಕಾರ್ಡು ತೆಗೆದಿಡುವುದು ಪ್ರೆಸ್ಸಿನ ರೂಢಿ. "ಇವ್ರನ್ನ ಹಾಕು. ಸತ್ತೋರಿಗೆ ಇನ್ನೊಂದ್ಸಲ ಸಾಯೋಕೆ ಏನು ಕಷ್ಟ?"

ಹೀಗೆ ಆ ಸುಳ್ಳು ಡಬ್ಬದ ತುಂಬ ನಿಜವಾದ ಸತ್ತವರು ತುಂಬಿಕೊಂಡರು. ನಿಜವಾದ ಹೆಸರು, ನಿಜವಾದ ಊರು, ನಿಜವಾದ ಮಕ್ಕಳು ಮೊಮ್ಮಕ್ಕಳು. ಬೇರೆ ಯಾವ ಊರಲ್ಲಾದರೂ ಪರೀಕ್ಷೆಯ ಮೇಲ್ ಯಾವುದು, ಅಸಲಿ ಯಾವುದು ಎಂದು ಕಣ್ಣಿಗೆ ಹೊಡೆಯುತ್ತಿತ್ತು. ಇಲ್ಲಿ ಯಾವ ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ.

ಯಗಟಿಯ ಚಿಕ್ಕಬೀರಪ್ಪ ತೀರಿಕೊಂಡಾಗ ಅವನ ಮಗ ತಿಪ್ಪೇಶ ಕಾರ್ಡು ಹೊಡೆಸಲು ಬಂದ. ಕುರಿ ಸಾಕುವವರ ಮನೆ. ಅಳುವುದು ಗೊತ್ತಿಲ್ಲದ ಗಟ್ಟಿ ಆಳು. ಕಾರ್ಡಿನ ಮಾತೆಲ್ಲ ಮುಗಿದ ಮೇಲೂ ಎದ್ದು ಹೋಗದೆ ಟವೆಲ್ಲಿನ ಅಂಚು ತಿರುವುತ್ತ ಕೂತ.

"ಇನ್ನೇನಪ್ಪಾ?" ಎಂದ ಮುನೀರ್ ಪಾಷಾ.

"ನನ್ ತಂಗೀಗೆ ತಿಳಿಸ್ಬೇಕು ಸಾಬ್ರೇ."

ಮುನೀರ್ ಪಾಷಾಗೆ ಆ ತಂಗಿ ಗೊತ್ತಿತ್ತು. ಅನುಪಮಾ. ಅವಳನ್ನು ಸೋದರಮಾವನಿಗೆ, ತಾಯಿ ಶಂಕರಮ್ಮನ ಬುಕ್ಕಾಂಬುಧಿಯ ತಮ್ಮನಿಗೆ, ಕೊಡುವುದೆಂದು ನಿಶ್ಚಯವಾಗಿತ್ತು. ಆ ಮದುವೆಯ ಕಾರ್ಡು ಇದೇ ಪ್ರೆಸ್ಸಿನಲ್ಲಿ ಆಗಿತ್ತು. ಅರಿಸಿನ ಹಚ್ಚಿದ ಕಾರ್ಡುಗಳು ಊರೆಲ್ಲ ಹಂಚಿ ಮುಗಿದ ಮೇಲೆ ಹುಡುಗಿ "ಮಾವನ್ನ ನನ್ನ ಎತ್ತಿ ಆಡಿಸ್ದೋನು ಅಂತ ನೋಡ್ತೀನಿ, ಗಂಡ ಅಂತ ನೋಡಕ್ಕಾಗಲ್ಲ" ಎಂದು ಹೇಳಿ, ನರ್ಸಿಂಗ್ ಓದಲು ರೈಲು ಹತ್ತಿ ಹೋಗಿಬಿಟ್ಟಳು. ಓಡಿಹೋಗಲಿಲ್ಲ, ಹೇಳಿಯೇ ಹೋದಳು. ಅದೇ ದೊಡ್ಡ ಅಪರಾಧವಾಯಿತು. ಚಿಕ್ಕಬೀರಪ್ಪ ಅವಳ ಹೆಸರೆತ್ತಿದವರಿಗೆ ಮಜ್ಜಿಗೆ ಕೂಡ ಕೊಡಲಿಲ್ಲ. ಅವಳೂ ಫೋನ್ ನಂಬರ್ ಬದಲಾಯಿಸಿಕೊಂಡಳು.

"ಅಪ್ಪ ಕೊನೇಲಿ ಅವಳನ್ನೇ ಕೇಳ್ತಿತ್ತು" ಎಂದ ತಿಪ್ಪೇಶ. "'ಅನು ಬಂದ್ಲಾ, ಅನು ಬಂದ್ಲಾ' ಅಂತ. ಮಣ್ಣಿಗಂತೂ ಆಗ್ಲಿಲ್ಲ, ಹನ್ನೊಂದಕ್ಕಾದ್ರೂ ಬರ್ಲಿ. ಫೋನಿಲ್ಲ. ರಾಣೇಬೆನ್ನೂರಲ್ಲಿ ಯಾವ್ದೋ ಆಸ್ಪತ್ರೇಲಿದಾಳೆ ಅಂತಾರೆ, ಯಾವ್ದೂಂತ ಗೊತ್ತಿಲ್ಲ. ಅವಳು ಮಾರ್ಕ್ಸ್ ಕಾರ್ಡ್ ತರಿಸ್ಕೊಳ್ಳೋಕೆ ಕಾಲೇಜಿಗೆ ಬರ್ಕೊಟ್ಟಿದ್ದ ಇಮೇಲ್ ಅಡ್ರೆಸ್ಸು ಒಂದಿದೆ. ನೀವು ಮೇಲ್ನಲ್ಲಿ ಕಳಿಸ್ತೀರಂತಲ್ಲ."

ಸೂಫಿಯಾ ಅವತ್ತು ಮದುವೆ ಕಾರ್ಡಿನ ಮಾದರಿ ತೋರಿಸಲು ಅಜ್ಜಂಪುರಕ್ಕೆ ಹೋಗಿದ್ದಳು. ಹೋಗುವ ಮುಂಚೆ ಪರೀಕ್ಷೆ ಮಾಡುತ್ತಿದ್ದವಳು, ರೈಲಿಗೆ ಹೊತ್ತಾಯಿತೆಂದು ಅಪ್ಲಿಕೇಶನ್ನನ್ನು ಸುಳ್ಳು ಡಬ್ಬಕ್ಕೇ ಕಟ್ಟಿದ ಹಾಗೇ ಬಿಟ್ಟು ಎದ್ದಿದ್ದಳು. ದಿನಾಲೂ ಬಿಚ್ಚಿ ಅಸಲಿ ಸರ್ವರಿಗೆ ಕಟ್ಟುತ್ತಿದ್ದವಳು, ಅವತ್ತು ಮರೆತಳು. ಮುನೀರ್ ಪಾಷಾ ಅವಳು ಬರುವ ತನಕ ಕಾಯಬಹುದಿತ್ತು. ಆದರೆ "ಹುಡುಗಿ ಬರ್ಲಿ" ಅಂದರೆ ಪ್ರೆಸ್ಸಿನ ಯಜಮಾನ ಯಾರು? ಅವನೇ ಕೂತು, ಒಂದೊಂದೇ ಕೀಲಿ ಕುಟ್ಟಿ, ಅನುಪಮಾಳ ವಿಳಾಸ ಹಾಕಿ ಒತ್ತಿದ. ಪರದೆಯ ಮೇಲೆ ಹಸಿರು ಬಣ್ಣದಲ್ಲಿ 'ಕಳುಹಿಸಲಾಗಿದೆ' ಎಂದು ಬಂತು.

"ನೋಡಪ್ಪಾ, ಹೋಯ್ತು. ಈಗ ಅವಳ ಕೈಯಲ್ಲಿರ್ತದೆ."

ತಿಪ್ಪೇಶ ಆ ಹಸಿರು ಅಕ್ಷರವನ್ನು ಸ್ವಲ್ಪ ಹೊತ್ತು ನೋಡಿದ. ಆಗ ಮಾತ್ರ ಅವನ ಕಣ್ಣಲ್ಲಿ ನೀರು ಬಂತು.

ಕಾಗದದ ಕಾರ್ಡುಗಳನ್ನೂ ಅವತ್ತು ಮಧ್ಯಾಹ್ನವೇ ಹೊಡೆದುಕೊಟ್ಟಾಗಿತ್ತು. ಸಂಜೆ ಬಂದ ಸೂಫಿಯಾ ಡಬ್ಬ ತೆಗೆದಾಗ ಸತ್ತವರ ಸಾಲಿನಲ್ಲಿ ಇನ್ನೊಬ್ಬ ಸತ್ತವನಿದ್ದ. ಚಿಕ್ಕಬೀರಪ್ಪ, ಯಗಟಿ. ಚಾಚಾ ಹಳೇ ಕಟ್ಟಿನಿಂದ ಯಾರನ್ನೋ ತೆಗೆದು ಕೈ ಪಳಗಿಸಿಕೊಂಡಿದ್ದಾರೆ ಎಂದುಕೊಂಡು, ತೆರೆದು ಓದದೆ ನಕ್ಕು, ಅಪ್ಲಿಕೇಶನ್ನನ್ನು ಅಸಲಿಗೆ ಕಟ್ಟಿ ಮನೆಗೆ ಹೋದಳು.

ತಿಥಿ ಮುಗಿದ ಮೇಲೆ ತಿಪ್ಪೇಶ ಮತ್ತೆ ಬಂದ. ತಲೆ ಬೋಳಿಸಿತ್ತು. ಕೂರು ಅಂದರೆ ಕೂರಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಎರಡು ಜಡೆ ಹಾಕಿಕೊಂಡು ನಗುತ್ತಿರುವ ಕಾಲೇಜು ಹುಡುಗಿ.

"ಒಂದು ಫ್ಲೆಕ್ಸ್ ಆಗ್ಬೇಕು ಸಾಬ್ರೇ. ಮೇಲೆ ಶ್ರದ್ಧಾಂಜಲಿ ಅಂತ ಹಾಕಿ, ಕೆಳಗೆ ಅನುಪಮಾ ಅಂತ ಹಾಕಿ."

ಮುನೀರ್ ಪಾಷಾ ಬೆಚ್ಚಿಬಿದ್ದ. "ಅಯ್ಯೋ, ಏನಾಯ್ತೋ ಮಗೂಗೆ?"

"ಏನೂ ಆಗಿಲ್ಲ. ಚೆನ್ನಾಗವಳೆ. ನಮ್ ಪಾಲಿಗೆ ಸತ್ಲು."

"ಏನೋ ಹಂಗಂದ್ರೆ?"

"ಹಂಗಂದ್ರೆ ಹಂಗೇ! ಕಾರ್ಡು ಕಳಿಸಿದ್ದು ನೀವೇ ಅಲ್ವಾ? ತಲುಪ್ತಲ್ಲ? ಬಂದ್ಲಾ? ನಮ್ಮವ್ವ ಹನ್ನೊಂದರ ದಿನ ಒಂದೆಲೆ ಬಡಿಸಿ ಅವಳಿಗೇಂತ ಪಕ್ಕಕ್ಕಿಟ್ಟು ಬಾಗ್ಲಲ್ಲೇ ಕೂತಿತ್ತು. ಮುದ್ದೆ ಒಣಗಿ ಬಿರುಕು ಬಿಡ್ತು. ಬುಕ್ಕಾಂಬುಧಿಯೋರು ಎಲ್ರೆದುರಿಗೆ ನಕ್ರು, 'ಅವತ್ತು ನಮ್ಮನ್ನ ಬಿಟ್ಟೋಳು, ಇವತ್ತು ಅಪ್ಪನ್ನ ಬಿಟ್ಲು' ಅಂತ. ನಾನು ಮಾನ ಬಿಟ್ಟು ಕರೆದಿದ್ದೆ ಸಾಬ್ರೇ. ಒಂದ್ ಮಾತು ಬರ್ಲಿಲ್ಲ ಆ ಕಡೆಯಿಂದ. ಹೊಡೀರಿ ಫ್ಲೆಕ್ಸು. ಊರ ಬಾಗ್ಲಲ್ಲಿ ಕಟ್ತೀನಿ."

"ಹೊಡೆಯಲ್ಲ."

"ಯಾಕೆ?"

"ಬದುಕಿರೋರ ಹೆಸರಲ್ಲಿ ಈ ಪ್ರೆಸ್ಸಲ್ಲಿ ಸಾವಿನ ಕೆಲಸ ಆಗಲ್ಲ! ನಮ್ಮಪ್ಪ ಮಾಡಿಲ್ಲ, ನಾನೂ ಮಾಡಲ್ಲ. ನಿನ್ನ ಬಾಯಿಗೆ ಹುಳ ಬೀಳ್ಲಿ! ಒಡಹುಟ್ಟಿದೋಳು ಕಣೋ ಅವಳು!"

"ಒಡಹುಟ್ಟಿದ್ದು ನೀವಲ್ಲ, ನಾನು. ತರೀಕೆರೇಲಿ ಕೇಳಿದ್ರೆ ಸಾಕು, ಹೊಡ್ಕೊಡ್ತಾರೆ. ಯಾರು ಬದುಕಿದ್ರು, ಯಾರು ಸತ್ರು ಅಂತ ಕೇಳೋ ಚಾಳಿ ಅವರಿಗಿಲ್ಲ." ತಿಪ್ಪೇಶ ಬೈಕಿಗೆ ಒದ್ದು ಹೊರಟೇಹೋದ.

ಮುನೀರ್ ಪಾಷಾ ಅವನ ಹಿಂದೆಯೇ ಓಣಿಯ ತನಕ ಹೋಗಿ ಬೈದು ಬಂದ. ಬಂದವನು ಅನುಪಮಾಳಿಗೂ ಬೈದ. "ಎಂಥಾ ಕಲ್ಲು ಹೃದಯದೋಳೋ! ನಾನೇ ನನ್ನ ಕೈಯಾರೆ ಕಳ್ಸಿದೀನಿ. ಅಪ್ಪನ ತಿಥಿಗೆ ಬರಲ್ಲ ಅಂದ್ರೆ!"

ಸೂಫಿಯಾ ಮೂಲೆಯಿಂದ ಕೇಳಿದಳು, "ಯಾರಪ್ಪ ಚಾಚಾ?"

"ಯಗಟಿ ಚಿಕ್ಕಬೀರಪ್ಪ."

ಕೀಲಿಗಳ ಸದ್ದು ನಿಂತಿತು.

"ಚಿಕ್ಕಬೀರಪ್ಪ ಹಳೇ ಕಟ್ಟಿನೋನಲ್ವಾ?"

"ಯಾವ ಕಟ್ಟೇ? ಮೊನ್ನೆ ಮೊನ್ನೆ ಸತ್ತೋನು. ನೀನು ಅಜ್ಜಂಪುರಕ್ಕೆ ಹೋಗಿದ್ದಾಗ ನಾನೇ ಕಳಿಸ್ದೆ."

ಸೂಫಿಯಾ ಡಬ್ಬ ತೆಗೆದು ಪರದೆಯನ್ನು ಅವನ ಕಡೆ ತಿರುಗಿಸಿದಳು. ಸಾಲಾಗಿ ಸತ್ತವರು. ನಡುವೆ ಚಿಕ್ಕಬೀರಪ್ಪ, ತಲೆಗೆ ಪೇಟ, ಹೆಗಲಿಗೆ ಕಂಬಳಿ, ಮೇಲೆ ವಿಳಾಸ, 'ಗೆ: ಅನುಪಮಾ'. ಹೊರಗೆ ಒಂದು ಹೆಜ್ಜೆಯೂ ಇಡದೆ ಅಲ್ಲೇ ಕೂತಿದ್ದ.

ಮುನೀರ್ ಪಾಷಾಗೆ ಅರ್ಥವಾಗಲು ತಡವಾಯಿತು. ಆದ ಮೇಲೆ ಮುಖ ಕೆಂಪಾಗಿ ಮೇಜಿಗೆ ಗುದ್ದಿದ. ಗೋಂದಿನ ಡಬ್ಬಿ ಉರುಳಿತು. "ಹೋಯ್ತು ಅಂತ ಬಂತಲ್ಲೇ! ಹಸಿರು ಬಣ್ಣದಲ್ಲಿ ಬಂತಲ್ಲೇ!"

"ಡಬ್ಬ ಎಲ್ಲದಕ್ಕೂ ಹಂಗೇ ಅನ್ನತ್ತೆ ಚಾಚಾ. ನಾನು ಬಿಚ್ಚೋದು ಮರ್ತಿದ್ದೆ. ಆಮೇಲೆ ನೋಡ್ದೆ. ನೋಡಿ, ಹಳೇ ಸಾವು ಅಂದ್ಕೊಂಡೆ. ನೀನೇ ಹೇಳಿದ್ದಲ್ವಾ, ಸತ್ತೋರ ಹೆಸರೇ ಹಾಕು ಅಂತ..." ಅವಳು ಅಳತೊಡಗಿದಳು.

ಬೈಯಲು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಹುಡುಗಿಯನ್ನು ಬೈಯಬೇಕಾದರೆ ಅಪ್ಪನ ಕಟ್ಟಳೆಯನ್ನೂ ಬೈಯಬೇಕಿತ್ತು. ಗುಂಡಿ ಒತ್ತಿದ ತನ್ನ ಬೆರಳನ್ನೂ ಬೈಯಬೇಕಿತ್ತು.

"ಕಣ್ಣೊರಸ್ಕೋ. ಅಸಲಿಗೆ ಕಟ್ಟಿದೀಯಾ? ಬರಿ. 'ತಾಯಿ, ನಿಮ್ಮ ತಂದೆ ತೀರಿಹೋದರು. ತಿಥಿಯೂ ಮುಗಿಯಿತು. ನಿಮ್ಮ ಅಣ್ಣ ಮೊದಲೇ ಹೇಳಿದ್ದ. ಕಳಿಸದೆ ಇದ್ದದ್ದು ನಮ್ಮ ಪ್ರೆಸ್ಸು. ತಪ್ಪು ನಮ್ಮದು, ಅವರದ್ದಲ್ಲ. ಮುನೀರ್ ಪಾಷಾ, ಹಿಲಾಲ್ ಪ್ರಿಂಟರ್ಸ್, ಕಡೂರು ಬಸ್ ಸ್ಟ್ಯಾಂಡ್ ಹಿಂಭಾಗ.' ಕಾರ್ಡೂ ಇಡು. ಕಳ್ಸು."

ಮತ್ತೆ ಅದೇ ಹಸಿರು ಅಕ್ಷರ ಬಂತು. ಈ ಸಲ ಅವನು ಅದನ್ನು ನಂಬಲಿಲ್ಲ. ಡಬ್ಬ ತೆಗೆಸಿ, ಅಲ್ಲಿ ಬಿದ್ದಿಲ್ಲವೆಂದು ಕಣ್ಣಾರೆ ನೋಡಿದ. "ಆ ಹಳೇದನ್ನ ಹರಿದು ಬಿಸಾಕು" ಎಂದ ಬೇಸತ್ತು.

"ಅಳಿಸ್ಬೋದು. ಹರಿಯಕ್ಕೆ ಬರಲ್ಲ ಚಾಚಾ."

ತಿಪ್ಪೇಶನಿಗೆ ಫೋನ್ ಮಾಡಿದ. ತೆಗೆಯಲಿಲ್ಲ. ಮತ್ತೆ ಮಾಡಿದರೆ ತಿಪ್ಪೇಶ ಕತ್ತರಿಸಿದ. ಅನುಪಮಾಳಿಂದಲೂ ಉತ್ತರ ಬರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹೋಗಿಬಿಟ್ಟಿತ್ತು, ಮುನೀರ್ ಪಾಷಾ ಎರಡು ತಾಸು ಕಾದು ಯಗಟಿಯ ಮುಂದಿನ ಬಸ್ ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿದ, ಕೆಡವಿದ. ಹೊಲದಲ್ಲಿ ರಾಗಿ ಕೊಯ್ದು ಬರೀ ಕೂಳೆ ನಿಂತಿತ್ತು. ಆಕಾಶಕ್ಕೆ ಮೋಡ ಕವಿದಿತ್ತು, ಮಳೆಯ ಮೋಡವಲ್ಲ, ಸುಮ್ಮನೆ ಬೂದಿ ಬಣ್ಣದ್ದು.

ಬಸ್ಸಿನಿಂದ ಇಳಿದವನು ತಲೆ ಎತ್ತಿದರೆ ಎದುರಿಗೇ ಫ್ಲೆಕ್ಸು. ಬಸ್ ನಿಲ್ದಾಣದ ಕಂಬಕ್ಕೂ ತೆಂಗಿನ ಮರಕ್ಕೂ ನಡುವೆ ಬಿಗಿಯಾಗಿ ಕಟ್ಟಿತ್ತು. ಎರಡು ಜಡೆಯ ಹುಡುಗಿ ನಗುತ್ತಿದ್ದಳು. ಕೊರಳ ಸುತ್ತ ಹೂವಿನ ಹಾರ, ಎರಡು ಪಕ್ಕದಲ್ಲಿ ಎರಡು ದೀಪ. ತರೀಕೆರೆಯವರು ಯಾರನ್ನೂ ಏನನ್ನೂ ಕೇಳಿರಲಿಲ್ಲ. ಮುನೀರ್ ಪಾಷಾ ನಿಂತಲ್ಲೇ ಹಗ್ಗಕ್ಕೆ ಕೈ ಹಾಕಿ, ಮತ್ತೆ ಬಿಟ್ಟ. ಮೊದಲು ಹೇಳಬೇಕಿತ್ತು, ಆಮೇಲೆ ಬಿಚ್ಚಬೇಕಿತ್ತು.

ತಿಪ್ಪೇಶ ಕೊಟ್ಟಿಗೆಯ ಮುಂದೆ ಕುರಿಗಳನ್ನು ಹೊರಗೆ ಬಿಡುತ್ತಿದ್ದ. ಶಂಕರಮ್ಮ ಹೊಸಿಲೊಳಗೆ, ಗೋಡೆಗೆ ಒರಗಿ ಕೂತಿದ್ದಳು. ಗಂಡ ಸತ್ತವಳು ತಿಂಗಳು ತುಂಬುವ ತನಕ ಹೊಸಿಲು ದಾಟಬಾರದೆಂದು ಆ ಮನೆಯ ಪದ್ಧತಿ.

"ಯಾಕ್ ಬಂದ್ರಿ? ಫ್ಲೆಕ್ಸ್ ಹೆಂಗಿದೆ ನೋಡೋಕಾ?" ಎಂದ ತಿಪ್ಪೇಶ.

ಜೋಡಿಸಿಕೊಂಡ ಮಾತೆಲ್ಲ ಉದುರಿಹೋಯಿತು. "ಅವಳಿಗೆ ಕಾರ್ಡು ಹೋಗಿರ್ಲಿಲ್ಲ ಕಣಪ್ಪಾ" ಎಂದುಬಿಟ್ಟ ಮುನೀರ್ ಪಾಷಾ. "ನನ್ನ ಕಂಪ್ಯೂಟರಲ್ಲೇ ಉಳಿದಿತ್ತು. ಪ್ರೂಫಿನ ಡಬ್ಬಕ್ಕೆ ಬಿದ್ದಿತ್ತು. ಹೋಯ್ತು ಅಂತ ನಾನು ಹೇಳಿದ್ದು ಸುಳ್ಳಾಯ್ತು. ಆ ಮಗೂಗೆ ಏನೂ ಗೊತ್ತಿರ್ಲಿಲ್ಲ."

ತಿಪ್ಪೇಶ ಕೋಲು ಬಿಸಾಕಿ ಬಂದು ಅವನ ಕೊರಳಪಟ್ಟಿ ಹಿಡಿದ. ಮುನೀರ್ ಪಾಷಾ ತನ್ನ ಆಯುಷ್ಯದಲ್ಲಿ ಕೊರಳಪಟ್ಟಿ ಹಿಡಿದವನಿಗೆ ಕೈ ಎತ್ತದೆ ನಿಂತದ್ದು ಅದೇ ಮೊದಲು.

"ಹೊಡಿ" ಎಂದ. "ಹೊಡೆದ್ಮೇಲೆ ಆ ಫ್ಲೆಕ್ಸ್ ಬಿಚ್ಚು."

"ಎಲ್ರೆದುರಿಗೆ ತಂಗಿ ಸತ್ಲು ಅಂತ ತಲೆ ಮೇಲೆ ನೀರು ಹುಯ್ಕೊಂಡೆನಲ್ಲೋ ಸಾಬಾ! ಅದನ್ನ ಹೆಂಗೆ ಬಿಚ್ಲೋ?" ತಿಪ್ಪೇಶನ ದನಿ ಒಡೆಯಿತು. ಹಿಡಿದಿದ್ದ ಕೈ ತಾನಾಗಿ ಸಡಿಲಿತು.

ಒಳಗಿನಿಂದ ಶಂಕರಮ್ಮ, "ಹಂಗಾರೆ ನನ್ ಮಗ್ಳು ಬರಲ್ಲ ಅಂದಿರ್ಲಿಲ್ಲ" ಎಂದಳು. ಯಾರನ್ನೂ ಕೇಳಿದ್ದಲ್ಲ. ಮತ್ತೊಮ್ಮೆ ಅದನ್ನೇ ಅಂದುಕೊಂಡಳು.

ಅಷ್ಟರಲ್ಲಿ ಮುನೀರ್ ಪಾಷಾನ ಫೋನ್ ಬಡಿದುಕೊಂಡಿತು. ಸೂಫಿಯಾ. ಅವಳ ದನಿ ಬಹಳ ಸಣ್ಣಗಿತ್ತು.

"ಚಾಚಾ, ಅವರು ಬಂದಿದಾರೆ. ಅನುಪಮಾ. ಪ್ರೆಸ್ಸಲ್ಲಿ ಕೂತಿದಾರೆ."

"ಅಲ್ಹಮ್ದುಲಿಲ್ಲಾ! ಅಲ್ಲೇ ಕೂರ್ಸು. ಚಹಾ ತರ್ಸು. ಇವ್ರನ್ನ..."

"ಚಾಚಾ, ಕೇಳು. ಮೇಲ್ ನೋಡಿದ ತಕ್ಷಣ ರೈಲು ಹತ್ತಿದ್ರಂತೆ. ಮೊದಲ್ನೇ ಬಸ್ಸಲ್ಲೇ ಯಗಟಿಗೆ ಹೋಗಿದ್ರು. ಇಳಿಯೋಕೆ ಎದ್ದು ಬಾಗ್ಲಿಗೆ ಬಂದಾಗ ಫ್ಲೆಕ್ಸ್ ನೋಡಿದ್ರಂತೆ. ಇಳೀಲಿಲ್ಲ. ಮುಂದಿನ ಊರಿನ ತನಕ ಹೋಗಿ, ಬೇರೆ ಬಸ್ಸಲ್ಲಿ ಕಡೂರಿಗೆ ವಾಪಸ್ ಬಂದ್ರು. ಹೊಡೆದಿದ್ದು ನೀವೇನಾ ಅಂತ ಕೇಳ್ತಿದಾರೆ."

ಮುನೀರ್ ಪಾಷಾ ಫೋನು ಇಳಿಸಿದ. ಹೇಳುವ ಮೊದಲೇ ಶಂಕರಮ್ಮನಿಗೆ ಅವನ ಮುಖದಲ್ಲಿ ಕಾಣಿಸಿತ್ತು. ಅವನು ಹೇಳಿ ಮುಗಿಸಿದಾಗ ಅವಳು ಎದ್ದು ಸೆರಗು ಹೊದ್ದುಕೊಂಡು, ಹೊಸಿಲ ಮೇಲೆ ಕಾಲಿಟ್ಟಳು.

"ಅವ್ವಾ, ಹೊರಗೆ ಬರಬಾರ್ದು" ಎಂದ ತಿಪ್ಪೇಶ.

"ಬದುಕಿರೋ ಮಗಳಿಗೆ ಹಾರ ಹಾಕಬಹುದಂತೆ, ನಾನು ಹೊಸಿಲು ದಾಟಬಾರದಂತೆ. ಸುಮ್ನಿರ್ಲಾ!" ಎಂದು ಅವಳು ದಾಟಿಬಿಟ್ಟಳು.

ಬಸ್ ನಿಲ್ದಾಣದಲ್ಲಿ ಕೂತಿದ್ದ ಗಂಡಸರು ಎದ್ದು ಪಕ್ಕಕ್ಕೆ ಸರಿದರು. ಶಂಕರಮ್ಮ ಫ್ಲೆಕ್ಸಿನ ಕಡೆ ಒಮ್ಮೆ ಮಾತ್ರ ನೋಡಿದಳು. ಬಸ್ಸಿನಲ್ಲಿ ಮುನೀರ್ ಪಾಷಾ ಅವಳ ಹಿಂದಿನ ಸೀಟಿನಲ್ಲಿ ಕೂತ. ಕಡೂರು ಬರುವ ತನಕ ಅವಳು ಕೇಳಿದ್ದು ಒಂದೇ ಮಾತು: "ದಪ್ಪ ಆಗವಳಂತಾ, ಸಣ್ಣಕ್ಕವಳಂತಾ?"

ಅನುಪಮಾ ಪ್ರೆಸ್ಸಿನ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಜಡೆ ಇರಲಿಲ್ಲ, ಕೂದಲು ಗಂಟು ಕಟ್ಟಿತ್ತು. ಚಹಾ ಹಾಗೇ ಕೆನೆಗಟ್ಟಿತ್ತು. ತಾಯಿಯನ್ನು ನೋಡಿ ಎದ್ದು ನಿಂತಳು. ಅಪ್ಪಿಕೊಳ್ಳಲಿಲ್ಲ. ಹಣೆಯನ್ನು, ಬರಿದಾದ ಕೈಯನ್ನು ನೋಡಿದಳು. ಆಮೇಲೆ ತಾನೇ ಕೆಳಗೆ ಕೂತು ತಾಯಿಯ ಪಾದ ಹಿಡಿದುಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಸೂಫಿಯಾ ಮಿಷನ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಬಾರೇ ಮನೆಗೆ" ಎಂದಳು ಶಂಕರಮ್ಮ. "ತಪ್ಪು ನಿಂದಲ್ಲ, ನಿಮ್ಮಣ್ಣಂದಲ್ಲ. ಈ ಸಾಬಣ್ಣನ ಕಂಪ್ಯೂಟರ್ದು."

"ಕಾರ್ಡು ಬರದೇ ಇದ್ದಿದ್ದು ಕಂಪ್ಯೂಟರ್ ತಪ್ಪು ಕಣವ್ವಾ" ಎಂದಳು ಅನುಪಮಾ ಕಣ್ಣೊರೆಸಿಕೊಂಡು. "ಫ್ಲೆಕ್ಸ್ ಕಟ್ಟಿದ್ದು?"

ಶಂಕರಮ್ಮ ಬಾಗಿಲ ಕಡೆ ನೋಡಿದಳು.

ಹೊರಗೆ ಬೈಕು ನಿಂತಿತು. ತಿಪ್ಪೇಶ ಬಂದಿದ್ದ, ಸುತ್ತಿದ ಫ್ಲೆಕ್ಸನ್ನು ಕಂಕುಳಲ್ಲಿ ಇಟ್ಟುಕೊಂಡು. ಮೆಟ್ಟಿಲು ಹತ್ತಲಿಲ್ಲ. "ಬಿಚ್ಬಿಟ್ಟೆ ಕಣೇ ಅನು" ಎಂದ ಅಲ್ಲಿಂದಲೇ. "ನೋಡು, ಬಿಚ್ಬಿಟ್ಟೆ."

"ಫೋಟೋ ಚೆನ್ನಾಗಿ ಆರಿಸಿದ್ದೆ ಕಣಣ್ಣಾ" ಎಂದಳು ಅವಳು. ವ್ಯಂಗ್ಯ ಹೌದೋ ಅಲ್ಲವೋ ಹೇಳುವಂತಿರಲಿಲ್ಲ. "ಆಸ್ಪತ್ರೇಲಿ ದಿನಾ ಸಾವು ನೋಡ್ತೀನಿ. ನನ್ನದೇ ನೋಡಿದ್ದು ಇವತ್ತೇ."

ತಿಪ್ಪೇಶ ಫ್ಲೆಕ್ಸ್ ಬಿಚ್ಚಿ, ತಿಥಿ ಕಾರ್ಡನ್ನು ಹರಿಯುವಂತೆ ಹರಿಯಲು ನೋಡಿದ. ಕಾರ್ಡಲ್ಲ ಅದು, ಹರಿಯಲಿಲ್ಲ. ಎರಡೂ ಕೈಯಿಂದ ಎಳೆದ. ಕಾಲಲ್ಲಿ ಮೆಟ್ಟಿ ಜಗ್ಗಿದ. ನಗುವ ಹುಡುಗಿಯ ಮುಖ ಸೊಟ್ಟಗಾಯಿತು, ಸರಿಹೋಯಿತು, ಮತ್ತೆ ಸೊಟ್ಟಗಾಯಿತು. ಮುನೀರ್ ಪಾಷಾ ಕಾಗದ ಕತ್ತರಿಸುವ ದೊಡ್ಡ ಕತ್ತರಿಯನ್ನು ತೆಗೆದುಕೊಂಡು ಹೋಗಿ ಅವನ ಮುಂದೆ ಹಿಡಿದ. ತಿಪ್ಪೇಶ ಕತ್ತರಿ ತೆಗೆದುಕೊಂಡ, ತಂಗಿಯ ಮುಖದ ಮೇಲೆ ಅದನ್ನು ಇಡಲಾರದೆ ಮೆಟ್ಟಿಲ ಮೇಲೆ ಕುಸಿದು ಕೂತ.

"ಬಾರೇ" ಎಂದಳು ಶಂಕರಮ್ಮ ಮತ್ತೆ.

"ಯಾವ ಕಾಲಲ್ಲಿ ಬರ್ಲಿ ಅವ್ವಾ? ಬಸ್ಸಿಂದ ಇಳಿದ್ರೆ ಜನ ನನ್ನ ಮುಖ ನೋಡಲ್ಲ, ಆ ಕಂಬ ನೋಡ್ತಾರೆ. ಊರು ನನ್ನ ಸಾವಿನ ಸ್ನಾನ ಮಾಡಿ ಮುಗಿಸಿದೆ." ಚೀಟಿಯ ಮೇಲೆ ನಂಬರ್ ಬರೆದು ತಾಯಿಯ ಸೆರಗಿನ ತುದಿಗೆ ತಾನೇ ಗಂಟು ಹಾಕಿದಳು. "ನಿನಗೆ ಅನ್ನಿಸಿದಾಗ ಫೋನ್ ಮಾಡ್ಸು. ನಾನು ಬರಲ್ಲ. ನೀನು ಬಂದ್ರೆ ಬೇಡ ಅನ್ನಲ್ಲ."

ಆಮೇಲೆ ಮುನೀರ್ ಪಾಷಾನ ಕಡೆ ತಿರುಗಿದಳು. "ಫ್ಲೆಕ್ಸ್ ನಿಮ್ಮದು ಅಂದ್ಕೊಂಡಿದ್ದೆ ಸಾಬ್ರೇ. ಈ ಹುಡುಗಿ ಹೇಳಿದ್ಲು, ಅಲ್ಲ ಅಂತ. ನನ್ನ ಹೆಸರಲ್ಲಿ ನೀವು ಹೊಡೆದಿದ್ದು ಒಂದೇ ಕಾರ್ಡು, ಮದ್ವೇದು, ಅದೂ ನಡೀಲಿಲ್ಲ." ಸ್ವಲ್ಪ ನಕ್ಕಳು. "ಅಪ್ಪಂದು ಒಂದು ಕಾಗದದ ಕಾರ್ಡು ಇದ್ರೆ ಕೊಡಿ."

ರೂಢಿಯಂತೆ ತೆಗೆದಿಟ್ಟಿದ್ದ ಒಂದೇ ಒಂದು ಕಾರ್ಡನ್ನು ಅವನು ತಂದುಕೊಟ್ಟ. ಅವಳು ಬಾಗಿಲಲ್ಲಿ ನಿಂತು ಓದಿದಳು. ಓದಿದ ಮೇಲೆ ಹರಿಯಬೇಕಿತ್ತು. ಹರಿಯಲಿಲ್ಲ. ಮಡಿಸಿ ಚೀಲದೊಳಗೆ ಇಟ್ಟುಕೊಂಡಳು. ಶಂಕರಮ್ಮ ನೋಡಿದಳು, ಬೇಡ ಅನ್ನಲಿಲ್ಲ. ಅಣ್ಣನ ಪಕ್ಕದಿಂದಲೇ ಮೆಟ್ಟಿಲಿಳಿದು, ಅವನ ಬೋಳು ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ಅನುಪಮಾ ಸ್ಟೇಷನ್ನಿನ ದಾರಿ ಹಿಡಿದಳು. ಅವನು ತಲೆ ಎತ್ತಲಿಲ್ಲ.

ತಾಯಿ ಮಗ ಹೋದ ಮೇಲೆ ಫ್ಲೆಕ್ಸು ಓಣಿಯಲ್ಲೇ ಬಿದ್ದಿತ್ತು. ಮುನೀರ್ ಪಾಷಾ ಅದನ್ನು ಒಳಗೆ ತಂದು, ತುಂಡು ತುಂಡಾಗಿ, ಮುಖವನ್ನು ಮಾತ್ರ ಬಿಟ್ಟು ಕತ್ತರಿಸಿದ. ಮುಖವನ್ನು ಏನು ಮಾಡಬೇಕೆಂದು ತಿಳಿಯದೆ ಮೊಳೆಯ ಕೇಸಿನೊಳಗೆ ಇಟ್ಟ.

"ನಾನು ಆ ಅಪ್ಲಿಕೇಶನ್ ತೆಗೆದುಹಾಕ್ತೀನಿ ಚಾಚಾ" ಎಂದಳು ಸೂಫಿಯಾ.

"ಯಾಕೆ ತೆಗೀತೀಯಾ? ಅಸಲಿಗೆ ಕಟ್ಟಿದಾಗ ಒಂದೇ ಏಟಿಗೆ ಹೋಗಿ ಆ ಮಗೂನ ರೈಲು ಹತ್ತಿಸ್ಲಿಲ್ವಾ? ಕೆಟ್ಟಿದ್ದು ಅದಲ್ಲ. ಡಬ್ಬ ತೆಗಿ. ಒಳಗಿರೋ ಅಷ್ಟೂ ಜನಾನ ಅಳಿಸು. ಸಾಕು ಅವರು ಸತ್ತಿದ್ದು." ಅಳಿಸಿದಳು. ಡಬ್ಬ ಖಾಲಿಯಾಯಿತು. ಅಪ್ಲಿಕೇಶನ್ನನ್ನು ಮತ್ತೆ ಅದಕ್ಕೇ ಕಟ್ಟಿದಳು. "ಈಗ ಪರೀಕ್ಷೆಗೆ ಒಂದು ಹೆಸರು ಹಾಕು. ಡಬ್ಬದಲ್ಲಿ ಬಿದ್ದರೆ ನೋಡಿದ ತಕ್ಷಣ ಇದು ಸುಳ್ಳು ಅಂತ ಗೊತ್ತಾಗ್ಬೇಕು. ಇನ್ಯಾವ ಸತ್ತೋರ ಜೊತೆಗೂ ಬೆರೀಬಾರ್ದು. ಮುನೀರ್ ಪಾಷಾ ಅಂತ ಹಾಕು."

ಸೂಫಿಯಾ ಕೀಲಿಯಿಂದ ಕೈ ತೆಗೆದುಬಿಟ್ಟಳು. "ತೌಬಾ ತೌಬಾ! ನಾನು ಹಾಕಲ್ಲ. ದಾದಾ ಏನಂತಿದ್ರು?"

"ನಮ್ಮಪ್ಪ ಹೆದರಿದ್ದು ಬದುಕಿರೋರು ಸಾಯ್ತಾರೆ ಅಂತ. ಸತ್ತೋನು ಹಿಂಗೆ ಒಳಗೇ ಕೂತುಬಿಡ್ತಾನೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಸರಿ ಪಕ್ಕಕ್ಕೆ."

ಅವಳನ್ನು ಎಬ್ಬಿಸಿ ತಾನೇ ಕೂತ. ಒಂದೊಂದೇ ಕೀಲಿ ಹುಡುಕಿ ಕುಟ್ಟಿದ. ಮುನೀರ್ ಪಾಷಾ, ಹಿಲಾಲ್ ಪ್ರಿಂಟರ್ಸ್, ಕಡೂರು. ಫೋಟೋ ಕೇಳಿತು. ಆಧಾರ್ ಕಾರ್ಡಿನ ಫೋಟೋವನ್ನೇ ಹಾಕಿದ. ಗುಂಡಿ ಒತ್ತಿದ. ಹಸಿರು ಅಕ್ಷರದಲ್ಲಿ 'ಕಳುಹಿಸಲಾಗಿದೆ' ಎಂದು ಬಂತು. ಡಬ್ಬ ತೆಗೆದ. ಖಾಲಿ ಡಬ್ಬದಲ್ಲಿ ಅವನೊಬ್ಬನೇ ಇದ್ದ, ಕೊರಳಿಗೆ ಹಾರ, ಎರಡು ಪಕ್ಕದಲ್ಲಿ ಎರಡು ದೀಪ.

"ಬಲಗಡೆ ದೀಪ ಸ್ವಲ್ಪ ಕೆಳಗೆ ಬಿದ್ದಿದೆ" ಎಂದ. "ತಿದ್ದು."